ಬಿಡಿಸಿದರೆ ಬಿಡಿಸಿಕೊಳ್ಳುವ ಗಂಟು: ಮೇದೋಜೀರಕ ಮತ್ತು ಡ್ಯುಯೊಡಿನಮ್‌ನ ಅಪಧಮನಿಗಳು

ಪ್ರತಿ ವರ್ಷ ಒಂದೇ ಚಿತ್ರ ನನ್ನ ಮೇಜಿನ ಮೇಲೆ ಬಂದು ಬೀಳುತ್ತದೆ. ಹಾಳೆಯ ನಡುವೆ ಮೀನಿನಂಥದೊಂದು ಮೇದೋಜೀರಕ (ಪ್ಯಾಂಕ್ರಿಯಾಸ್), ಅದರ ತಲೆಗೆ ಸುತ್ತಿಕೊಂಡ ಡ್ಯುಯೊಡಿನಮ್ ಎಂಬ ಸಣ್ಣಕರುಳಿನ ಮೊದಲ ತುಂಡು, ಅವೆರಡೂ ಮುಗಿದ ಮೇಲೆ ಉಳಿದ ಜಾಗದಲ್ಲಿ ಕೆಂಪು ಪೆನ್ನಿನ ಗೀಚು. ಹೆಸರು ಬರೆಯಲು ಹೊರಟರೆ ಅರ್ಧ ಗೆರೆಗೆ ಹೆಸರಿಲ್ಲ, ಅರ್ಧ ಹೆಸರಿಗೆ ಗೆರೆಯಿಲ್ಲ. ಬರೆದ ಮಕ್ಕಳು ದಡ್ಡರಲ್ಲ. ಶುರು ಮಾಡಿದ ಜಾಗ ತಪ್ಪು, ಅಷ್ಟೆ.

ಅನಾಟಮಿ ಕಲಿಸುವುದೇ ನನ್ನ ಕೆಲಸ. ಕನ್ನಡದಲ್ಲಿ ನಾವು ಚಿತ್ರವನ್ನೂ ಬಿಡಿಸುತ್ತೇವೆ, ಗಂಟನ್ನೂ ಬಿಡಿಸುತ್ತೇವೆ. ಈ ಪಾಠದ ಮಟ್ಟಿಗೆ ಎರಡೂ ಒಂದೇ ಕೆಲಸ. ಅಂಗವನ್ನು ಮೊದಲು ಬರೆದು ರಕ್ತನಾಳವನ್ನು ಆಮೇಲೆ ಅಂಟಿಸಬೇಡಿ. ನಾಳಗಳನ್ನು ಮೊದಲು ಹರಿಯಬಿಡಿ, ಅಂಗ ತಾನಾಗಿ ಅವುಗಳ ನಡುವೆ ಬಂದು ಕೂರುತ್ತದೆ.

ಪದಗಳ ಬಗ್ಗೆ ಒಂದು ಮಾತು. ಅಪಧಮನಿ, ಅಭಿಧಮನಿ ಎಂದು ಬರೆಯುತ್ತ ಹೋದರೆ ನಡುವಿನ ಒಂದಕ್ಷರ ನಿದ್ದೆಗಣ್ಣಿಗೆ ಕಾಣುವುದಿಲ್ಲ. ಶೀರ್ಷಿಕೆಯಲ್ಲಿ ಮರ್ಯಾದೆಗೆ ಹಾಕಿದ್ದೇನೆ. ಇನ್ನು ಮುಂದೆ ಡಿಸೆಕ್ಷನ್ ಹಾಲಿನಲ್ಲಿ ಎಲ್ಲರೂ ಅನ್ನುವ ಹಾಗೆ ಆರ್ಟರಿ, ವೇನ್ ಎಂದೇ ಅನ್ನುತ್ತೇನೆ.

ಹಾಳೆಯ ಮೇಲೆ

ಒಂದು ಎ-4 ಹಾಳೆ ಅಡ್ಡಡ್ಡ ಇಟ್ಟುಕೊಳ್ಳಿ. ಚಿತ್ರವನ್ನು ನಿಜವಾದ ಅಳತೆಯಲ್ಲೇ ಬರೆಯೋಣ, ಹಾಳೆಯಲ್ಲಿ ಹಿಡಿಸುತ್ತದೆ. ಮೇದೋಜೀರಕ 12ರಿಂದ 15 ಸೆಂಟಿಮೀಟರ್ ಉದ್ದ. ಡ್ಯುಯೊಡಿನಮ್ ಬಿಚ್ಚಿ ಅಳೆದರೆ ಸುಮಾರು 25 ಸೆಂಟಿಮೀಟರ್, ಆದರೆ ಅದು ಬಾಗಿ ಮಲಗಿರುವುದರಿಂದ ಜಾಗ ಹೆಚ್ಚು ತಿನ್ನುವುದಿಲ್ಲ. ದೇಹದ ಬಲಗಡೆ ಹಾಳೆಯ ಎಡಗಡೆಗೆ ಬರುತ್ತದೆ ಎಂಬುದನ್ನು ಮೂಲೆಯಲ್ಲಿ ಬರೆದಿಡಿ. ನಗಬೇಡಿ, ಹತ್ತು ನಿಮಿಷದಲ್ಲಿ ಬೇಕಾಗುತ್ತದೆ.

ನಡುವೆ ಮೇಲಿನಿಂದ ಕೆಳಕ್ಕೆ ದಪ್ಪನೆಯ ಒಂದು ಗೆರೆ: ಅಯೋರ್ಟಾ, ಹೃದಯದಿಂದ ಇಳಿದು ಬರುವ ಹೆದ್ದಾರಿ. ಅದರ ಮೇಲ್ಭಾಗದಲ್ಲಿ ಒಂದು ಚುಕ್ಕೆ, ಒಂದು ಸೆಂಟಿಮೀಟರ್ ಕೆಳಗೆ ಇನ್ನೊಂದು. ಮೇಲಿನದು ಸೀಲಿಯಾಕ್ ಟ್ರಂಕ್ ಹೊರಡುವ ಜಾಗ, ವಪೆಯನ್ನು (ಡಯಾಫ್ರಮ್) ದಾಟಿದ ತಕ್ಷಣ, ಬೆನ್ನುಮೂಳೆಯ ಲೆಕ್ಕದಲ್ಲಿ ಟಿ-12ರ, ಅಂದರೆ ಎದೆಭಾಗದ ಹನ್ನೆರಡನೆಯ ಮೂಳೆಯ ಆಸುಪಾಸು. ಕೆಳಗಿನದು ಸುಪೀರಿಯರ್ ಮೆಸೆಂಟೆರಿಕ್, ಎಲ್-1ರ, ಅಂದರೆ ಸೊಂಟಭಾಗದ ಮೊದಲ ಮೂಳೆಯ ಮಟ್ಟ. ಇನ್ನು ಮುಂದೆ ಎಸ್‌ಎಂಎ. ಇವತ್ತಿನ ಕಥೆಯ ರಕ್ತವೆಲ್ಲ ಈ ಎರಡು ಚುಕ್ಕೆಗಳಿಂದಲೇ ಬರಬೇಕು. ಮೂರನೆಯ ಬಾಗಿಲಿಲ್ಲ. ಎರಡು ಬಣ್ಣದ ಪೆನ್ಸಿಲ್ ಹಿಡಿಯಿರಿ, ಸೀಲಿಯಾಕಿಗೆ ಕೆಂಪು, ಎಸ್‌ಎಂಎಗೆ ಹಸಿರು. ನೀಲಿ ಬೇಡ, ನೀಲಿ ಕಂಡರೆ ಕೈ ತಾನಾಗಿ ವೇನ್ ಎಂದು ಬರೆದುಬಿಡುತ್ತದೆ.

ಸೀಲಿಯಾಕ್ ಒಂದೆರಡು ಸೆಂಟಿಮೀಟರಿನ ಮೋಟು ಕಾಂಡ. ಅದರಿಂದ ಮೂರು ಕವಲು: ಲೆಫ್ಟ್ ಗ್ಯಾಸ್ಟ್ರಿಕ್, ಸ್ಪ್ಲೀನಿಕ್, ಕಾಮನ್ ಹೆಪಾಟಿಕ್. 18ನೇ ಶತಮಾನದ ಆಲ್ಬ್ರೆಕ್ಟ್ ಫಾನ್ ಹಾಲರ್ ಹೆಸರಿನಲ್ಲಿ ಇದನ್ನು ಹಾಲರನ ಮುಕ್ಕಾಲಿ ಎಂದು ಕರೆಯುವುದುಂಟು. ಲೆಫ್ಟ್ ಗ್ಯಾಸ್ಟ್ರಿಕ್ ಮೇಲಕ್ಕೆ ಜಠರದ ಕಡೆ ಹೋಗುತ್ತದೆ. ಒಂದು ಸಣ್ಣ ಗೆರೆ ಎಳೆದು ಬಿಟ್ಟುಬಿಡಿ. ಹಾಳೆಯ ಬಲಕ್ಕೆ ಸ್ಪ್ಲೀನಿಕ್, ಅದನ್ನು ಅಂಕುಡೊಂಕಾಗಿ ಗುಲ್ಮದವರೆಗೂ (ಸ್ಪ್ಲೀನ್) ಎಳೆಯಿರಿ. ಎಡಕ್ಕೆ ಕಾಮನ್ ಹೆಪಾಟಿಕ್. ಅದು ಯಕೃತ್ತಿನ ಕಡೆ ತಿರುಗುವ ಮೊದಲು ಒಂದು ಗಟ್ಟಿ ಕವಲನ್ನು ನೇರ ಕೆಳಕ್ಕೆ ಬಿಡುತ್ತದೆ. ಅದೇ ಗ್ಯಾಸ್ಟ್ರೊಡ್ಯುಯೊಡಿನಲ್, ಎಲ್ಲರ ಬಾಯಲ್ಲೂ ಜಿಡಿಎ.

ಜಿಡಿಎ ಬಂದಾಗ ಪೆನ್ಸಿಲಿನ ಓಟ ನಿಧಾನ ಮಾಡಿ. ಪರೀಕ್ಷೆಯಲ್ಲಿ ಅಂಕ ಹೋಗುವುದೂ ಇಲ್ಲೇ, ಆಪರೇಷನ್ ಥಿಯೇಟರಿನಲ್ಲಿ ರಕ್ತ ಹೋಗುವುದೂ ಇಲ್ಲೇ. ಜಿಡಿಎ ಡ್ಯುಯೊಡಿನಮ್‌ನ ಮೊದಲ ಭಾಗದ ಹಿಂದಿನಿಂದ ಇಳಿಯುತ್ತದೆ, ಗೆರೆಗೆ ಕೆಳಮುಖದ ಒಂದು ಬಾಣ ಹಾಕಿಡಿ. ಆದರೆ ಹಾಗೆ ಹಿಂದೆ ಮರೆಯಾಗುವ ಮೊದಲೇ, ಮೇಲಂಚಿನ ಹತ್ತಿರ, ಒಂದು ಕವಲು ಕೊಟ್ಟಿರುತ್ತದೆ: ಪೋಸ್ಟೀರಿಯರ್ ಸುಪೀರಿಯರ್ ಪ್ಯಾಂಕ್ರಿಯಾಟಿಕೊಡ್ಯುಯೊಡಿನಲ್. ಹೆಸರು ರೈಲಿನಷ್ಟು ಉದ್ದ, ನಾಳ ದಾರದಷ್ಟು ಸಣ್ಣ. ‘ಹಿಂದಿನ ಮೇಲಿನದು’ ಎಂದುಕೊಂಡರೆ ಸಾಕು. ಇದು ಮೇದೋಜೀರಕದ ತಲೆಯ ಹಿಂಬದಿಗೆ ಹೋಗುತ್ತದೆ, ಆದ್ದರಿಂದ ಚುಕ್ಕೆ ಗೆರೆಯಲ್ಲಿ ಬರೆಯಿರಿ. ಜಿಡಿಎ ಮುಂದುವರಿದು ಮೊದಲ ಭಾಗದ ಕೆಳಅಂಚಿನಲ್ಲಿ ಹೊರಬಂದು ಎರಡಾಗಿ ಒಡೆಯುತ್ತದೆ. ಒಂದು ರೈಟ್ ಗ್ಯಾಸ್ಟ್ರೊಎಪಿಪ್ಲೊಯಿಕ್, ಜಠರದ ಹೊರಬಾಗಿನ ಕಡೆ ಹೋಯಿತು. ಇನ್ನೊಂದು ‘ಮುಂದಿನ ಮೇಲಿನದು’, ಆಂಟೀರಿಯರ್ ಸುಪೀರಿಯರ್. ಇದು ತಲೆಯ ಮುಂಬದಿಯಲ್ಲಿ ಇಳಿಯುತ್ತದೆ. ಇದಕ್ಕೆ ತುಂಬು ಗೆರೆ.

ಮುಂದಿನದೂ ಹಿಂದಿನದೂ ಒಂದೇ ಜಾಗದಲ್ಲಿ ಕವಲೊಡೆಯುತ್ತವೆ ಎಂದು ಬರೆಯುವವರು ಬಹಳ. ಹಿಂದಿನದು ಮೊದಲು, ಮೇಲೆ. ಮುಂದಿನದು ಕೊನೆಗೆ, ಕೆಳಗೆ. ಇವೆರಡರ ನಡುವೆ ಡ್ಯುಯೊಡಿನಮ್‌ನ ಅಗಲದಷ್ಟು ಅಂತರವಿದೆ.

ಈಗ ಹಸಿರು ಪೆನ್ಸಿಲ್. ಎಸ್‌ಎಂಎ ಕೆಳಕ್ಕಿಳಿಯುತ್ತ ತನ್ನ ಬಲಕ್ಕೆ, ಅಂದರೆ ನಿಮ್ಮ ಎಡಕ್ಕೆ, ಇನ್‌ಫೀರಿಯರ್ ಪ್ಯಾಂಕ್ರಿಯಾಟಿಕೊಡ್ಯುಯೊಡಿನಲ್ ಕೊಡುತ್ತದೆ. ಕೆಲವರಲ್ಲಿ ಇದು ನೇರವಾಗಿ ಎಸ್‌ಎಂಎಯಿಂದಲ್ಲ, ಸಣ್ಣಕರುಳಿನ ಮುಂದಿನ ಭಾಗಕ್ಕೆ ಹೋಗುವ ಮೊದಲ ಜೆಜುನಲ್ ಕವಲಿನ ಜೊತೆ ಒಂದೇ ಬುಡದಿಂದ ಹುಟ್ಟುತ್ತದೆ. ಬಲಕ್ಕೆ ಹೋಗುವಾಗ ಸುಪೀರಿಯರ್ ಮೆಸೆಂಟೆರಿಕ್ ವೇನಿನ ಹಿಂದಿನಿಂದ ನುಸುಳುತ್ತದೆ. ನುಸುಳಿ ಎರಡಾಗುತ್ತದೆ, ಒಂದು ಮುಂದೆ, ಒಂದು ಹಿಂದೆ. ಮುಂದಿನ ಹಸಿರನ್ನು ಮುಂದಿನ ಕೆಂಪಿಗೆ ಸೇರಿಸಿ, ಹಿಂದಿನ ಹಸಿರನ್ನು ಹಿಂದಿನ ಕೆಂಪಿಗೆ. ಎರಡು ಕಮಾನು ಸಿದ್ಧವಾದವು. ಇವಕ್ಕೆ ಆರ್ಕೇಡ್ ಎನ್ನುತ್ತಾರೆ.

ಈಗ, ಈಗ ಮಾತ್ರ, ಆ ಕಮಾನುಗಳ ಹೊರಗಿನಿಂದ ಡ್ಯುಯೊಡಿನಮ್ ಬರೆಯಿರಿ: ಇಂಗ್ಲಿಷಿನ ಸಿ ಅಕ್ಷರ, ಬಾಯಿ ನಿಮ್ಮ ಬಲಕ್ಕೆ. ನಾಲ್ಕು ಭಾಗ, ಸುಮಾರು 5, 7.5, 10, 2.5 ಸೆಂಟಿಮೀಟರ್. ಮೂರನೆಯ ಭಾಗ ಎಲ್-3ರ ಮಟ್ಟದಲ್ಲಿ ಅಡ್ಡ ಹಾಯುತ್ತದೆ, ಅಯೋರ್ಟಾದ ಮುಂದೆ, ಎಸ್‌ಎಂಎಯ ಹಿಂದೆ. ಒಳಗೆ ಮೇದೋಜೀರಕದ ತಲೆ, ಎಸ್‌ಎಂಎ ಶುರುವಾಗುವ ಜಾಗದ ಮುಂದೆ ಕುತ್ತಿಗೆ, ಆಮೇಲೆ ಮೈ, ಗುಲ್ಮದ ಹತ್ತಿರ ಬಾಲ. ತಲೆಯ ಕೆಳಮೂಲೆಯಿಂದ ಒಂದು ಕೊಕ್ಕೆ ಎಸ್‌ಎಂಎಯ ಹಿಂದಕ್ಕೆ ಚಾಚಿರುತ್ತದೆ, ಅನ್‌ಸಿನೇಟ್ ಪ್ರೊಸೆಸ್. ಅಂದರೆ ಎಸ್‌ಎಂಎ ಮೇದೋಜೀರಕದ ಒಂದು ತುಂಡಿನ ಹಿಂದಿದ್ದು ಇನ್ನೊಂದು ತುಂಡಿನ ಮುಂದೆ ಬರುತ್ತದೆ. ಅಂಗವನ್ನು ಮೊದಲು ಬರೆದವರಿಗೆ ಇದು ಒಗಟು. ನಾಳವನ್ನು ಮೊದಲು ಬರೆದವರು ಅದರ ಸುತ್ತ ಅಂಗವನ್ನು ಸುತ್ತಿದರಾಯಿತು.

ಕೆಂಪೂ ಹಸಿರೂ ಯಾಕೆ ಇಲ್ಲೇ ಸೇರಬೇಕು? ಭ್ರೂಣದಲ್ಲಿ ಕರುಳಿನ ಮುಂಭಾಗಕ್ಕೆ ಸೀಲಿಯಾಕ್ ಒಡೆಯ, ನಡುಭಾಗಕ್ಕೆ ಎಸ್‌ಎಂಎ. ಇಬ್ಬರ ಹೊಲದ ಬದು ಡ್ಯುಯೊಡಿನಮ್‌ನ ಎರಡನೆಯ ಭಾಗದಲ್ಲಿ, ಪಿತ್ತನಾಳ ಬಂದು ತೆರೆದುಕೊಳ್ಳುವ ಪ್ಯಾಪಿಲ್ಲಾದ ಹತ್ತಿರ ಹಾಯುತ್ತದೆ. ಚಿತ್ರದಲ್ಲಿ ಬಣ್ಣ ಬದಲಾಗಬೇಕಾದದ್ದೂ ಸುಮಾರಾಗಿ ಅಲ್ಲೇ. ನಿಮ್ಮದು ಎಲ್ಲೋ ಮೊದಲ ಭಾಗದಲ್ಲೇ ಹಸಿರಾಗಿದ್ದರೆ ಅಳಿಸಿ.

ಬಾಲದ ಕಡೆ

ತಲೆ ಮುಗಿದರೆ ಕಷ್ಟದ ಪಾಲು ಮುಗಿಯಿತು. ಮೈ ಮತ್ತು ಬಾಲಕ್ಕೆ ಸ್ಪ್ಲೀನಿಕ್ ಆರ್ಟರಿಯೇ ಊಟ ಬಡಿಸುತ್ತದೆ. ಮೇದೋಜೀರಕದ ಮೇಲಂಚಿನಲ್ಲಿ ಹೊರಳುತ್ತ ಹೋಗುವಾಗ ಸಣ್ಣ ಸಣ್ಣ ಕವಲುಗಳನ್ನು ಕೆಳಕ್ಕೆ ಬಿಡುತ್ತದೆ. ಹೆಸರು ಪಡೆದವು ಮೂರು: ಕುತ್ತಿಗೆಯ ಹತ್ತಿರ ಡಾರ್ಸಲ್ ಪ್ಯಾಂಕ್ರಿಯಾಟಿಕ್, ಮೈಯಲ್ಲಿ ಗ್ರೇಟ್ ಪ್ಯಾಂಕ್ರಿಯಾಟಿಕ್, ಬಾಲದಲ್ಲಿ ಕಾಡಲ್ ಪ್ಯಾಂಕ್ರಿಯಾಟಿಕ್. ಕೆಳಅಂಚಿನ ಬಳಿ ಇನ್‌ಫೀರಿಯರ್ ಪ್ಯಾಂಕ್ರಿಯಾಟಿಕ್ ಉದ್ದಕ್ಕೆ ಓಡುತ್ತದೆ, ಸಾಮಾನ್ಯವಾಗಿ ಡಾರ್ಸಲ್‌ನ ಎಡಗವಲು ಅದು. ಮಲಗಿಸಿದ ಏಣಿ ಬರೆಯಿರಿ. ಮೇಲಿನ ಕೋಲು ಸ್ಪ್ಲೀನಿಕ್, ಕೆಳಗಿನ ಕೋಲು ಇನ್‌ಫೀರಿಯರ್, ನಡುವೆ ಮೂರು ಮೆಟ್ಟಿಲು. ಡಾರ್ಸಲ್ ಮಾತ್ರ ಹೇಳಿದ ಮಾತು ಕೇಳುವುದಿಲ್ಲ. ಸ್ಪ್ಲೀನಿಕ್‌ನಿಂದ ಬರುವುದೇ ಹೆಚ್ಚಾದರೂ ಕಾಮನ್ ಹೆಪಾಟಿಕ್‌ನಿಂದ, ಸೀಲಿಯಾಕ್‌ನಿಂದಲೇ, ಎಸ್‌ಎಂಎಯಿಂದಲೂ ಹುಟ್ಟಬಹುದು. ಅದರ ಬಲಗವಲು ತಲೆಯ ಮುಂಗಮಾನಿಗೆ ಸೇರಿಕೊಳ್ಳುತ್ತದೆ. ಹೀಗೆ ಏಣಿಗೂ ಕಮಾನಿಗೂ ನಂಟು.

ಸ್ಪ್ಲೀನಿಕ್ ಎಂದಾಗೆಲ್ಲ ನನಗೆ ನನ್ನ ವೈವಾ ನೆನಪಾಗುತ್ತದೆ. ಮೇಜಿನ ಮೇಲೆ ಬಿಡಿಸಿಟ್ಟ ಮೇದೋಜೀರಕ. ಪರೀಕ್ಷಕರು ಅದನ್ನು ಮೆಲ್ಲಗೆ ಮೇಲಕ್ಕೆತ್ತಿ, ಹಿಂಬದಿಯಲ್ಲಿ ನೆಟ್ಟಗೆ ಹೋಗುತ್ತಿದ್ದ ದಪ್ಪ ನಾಳವೊಂದರ ಕೆಳಗೆ ಪ್ರೋಬ್ ತೂರಿಸಿ, ಇದೇನು ಎಂದರು. ನಾನು ಸ್ಪ್ಲೀನಿಕ್ ಆರ್ಟರಿ ಎಂದೆ, ಗಟ್ಟಿ ದನಿಯಲ್ಲಿ. ಅವರು ಪ್ರೋಬ್ ಆಡಿಸಿದರು. ನಾಳ ಚಪ್ಪಟೆಯಾಗಿ ಬಿತ್ತು. “ಎಲ್ಲರೂ ಹಗ್ಗ ನೋಡಿ ಹಾವು ಅಂದರಂತೆ. ನೀನೂ ಅದನ್ನೇ ಮಾಡಿದೆಯಲ್ಲಮ್ಮ.” ಅವತ್ತು ಬೆವರು ಬಂತು, ಈಗ ನಾನೂ ಅದನ್ನೇ ಹೇಳಿಕೊಡುತ್ತೇನೆ: ಮೇಲಂಚಿನಲ್ಲಿ ಹೊರಳಾಡುವುದು ಹಾವು, ಅದು ಆರ್ಟರಿ. ಹಿಂದೆ ನೆಟ್ಟಗೆ ಬಿದ್ದಿರುವುದು ಹಗ್ಗ, ಅದು ವೇನ್.

ದೇಹದ ಮೇಲೆ

ಎಂಬಾಮ್ ಮಾಡಿದ, ಅಂದರೆ ಕೆಡದಂತೆ ಔಷಧ ಏರಿಸಿದ ದೇಹದಲ್ಲಿ ಕೆಂಪಿಲ್ಲ, ನೀಲಿಯಿಲ್ಲ, ಎಲ್ಲ ಕಂದು. ಬೆರಳನ್ನೇ ನಂಬಬೇಕು. ಆರ್ಟರಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹೊರಳಿಸಿದರೆ ನೆನೆದ ನೂಲಿನ ಹಾಗೆ ಗುಂಡಗೆ ಉರುಳುತ್ತದೆ. ವೇನ್ ಮೆತ್ತಗೆ ಮಡಿಚಿಕೊಳ್ಳುತ್ತದೆ, ಒಳಗೆ ಹೆಪ್ಪುಗಟ್ಟಿದ ಕಪ್ಪು ರಕ್ತ ಕಾಣಬಹುದು.

ಜಠರದ ಹೊರಬಾಗಿನ ಕೆಳಗೆ ಓಮೆಂಟಮ್ ಎಂಬ ಕೊಬ್ಬಿನ ಪೊರೆಯನ್ನು ಕತ್ತರಿಸಿ ಜಠರವನ್ನು ಮೇಲಕ್ಕೆ ಮಗುಚಿ. ಮೇದೋಜೀರಕ ಹಿಂದಿನ ಗೋಡೆಗೆ ಅಂಟಿಕೊಂಡು ಮಲಗಿರುತ್ತದೆ. ಸುತ್ತಲಿನ ಕೊಬ್ಬು ನುಣುಪು, ಹಳದಿ. ಗ್ರಂಥಿ ಬೂದು, ಕೈಗೆ ಕಾಳುಕಾಳು. ದೇಹಕ್ಕೆ ಔಷಧ ಏರಿಸಲು ತಡವಾಗಿದ್ದರೆ ತಲೆಯ ಭಾಗ ತನ್ನದೇ ರಸದಿಂದ ಕರಗಿ ಮುದ್ದೆಯಾಗಿರುತ್ತದೆ. ಆಗ ಬೇರೆ ಮೇಜಿಗೆ ಹೋಗಿ, ಅಲ್ಲಿ ಹುಡುಕಿ ಪ್ರಯೋಜನವಿಲ್ಲ.

ಜಿಡಿಎಯನ್ನು ಹುಡುಕಲು ಗ್ರಂಥಿಯನ್ನು ಕೆದಕಬೇಡಿ. ಯಕೃತ್ತಿನ ಕಡೆಯಿಂದ ಬನ್ನಿ. ಜಠರ, ಯಕೃತ್ತುಗಳ ನಡುವಿನ ಪೊರೆಯೇ ಲೆಸ್ಸರ್ ಓಮೆಂಟಮ್. ಲೆಸ್ಸರ್ ಓಮೆಂಟಮ್‌ನ ಬಲ ಅಂಚಿನಲ್ಲಿ ಹೆಪಾಟಿಕ್ ಆರ್ಟರಿ ಬೆರಳಿಗೆ ಸಿಗುತ್ತದೆ, ಪಿತ್ತನಾಳ ಅದರ ಬಲಕ್ಕೆ, ಪೋರ್ಟಲ್ ವೇನ್ ಹಿಂದೆ. ಅದನ್ನು ಹಿಡಿದು ಕೆಳಕ್ಕೆ ಬಂದರೆ ಕವಲು ತಾನೇ ಸಿಗುತ್ತದೆ. ಅಲ್ಲಿಂದ ಮುಂದೆ ಸ್ಕಾಲ್ಪೆಲ್ ಕೆಳಗಿಡಿ. ಮೊಂಡು ಫೋರ್ಸೆಪ್ಸಿನಿಂದ ಗ್ರಂಥಿಯ ಕಾಳುಗಳನ್ನು ಒಂದೊಂದಾಗಿ ಬಿಡಿಸಿ ತೆಗೆಯಿರಿ, ನಾಳದ ಉದ್ದಕ್ಕೆ ಮಾತ್ರ, ಅಡ್ಡಡ್ಡ ಎಂದಿಗೂ ಬೇಡ. ಮುಂಗಮಾನು ತಲೆ ಮತ್ತು ಡ್ಯುಯೊಡಿನಮ್ ನಡುವಿನ ಕಣಿವೆಯ ಹತ್ತಿರ ಕಾಣುತ್ತದೆ, ಕೆಲವೊಮ್ಮೆ ಗ್ರಂಥಿಯೊಳಗೆ ಹೂತಿರುತ್ತದೆ.

ಹಿಂಗಮಾನನ್ನು ನೋಡಲು ಪುಟ ಮಗುಚಬೇಕು. ಡ್ಯುಯೊಡಿನಮ್‌ನ ಎರಡನೆಯ ಭಾಗದ ಹೊರಅಂಚಿನಲ್ಲಿ ಪೆರಿಟೋನಿಯಮ್ ಪೊರೆಯನ್ನು ಉದ್ದಕ್ಕೆ ಸೀಳಿ, ನಾಲ್ಕು ಬೆರಳು ಹಿಂದೆ ಜಾರಿಸಿ, ಡ್ಯುಯೊಡಿನಮ್ ಮತ್ತು ತಲೆ ಎರಡನ್ನೂ ಒಟ್ಟಿಗೆ ದೇಹದ ಎಡಕ್ಕೆ ಎತ್ತಿ. ಸಲೀಸಾಗಿ ಏಳುತ್ತದೆ, ಏಕೆಂದರೆ ಅಲ್ಲಿ ನಾಳಗಳು ಅಡ್ಡ ಹಾಯುವುದಿಲ್ಲ. ಸರ್ಜನ್ನರು ಇದಕ್ಕೆ ಕೋಖರ್ ಮನೂವರ್ ಎನ್ನುತ್ತಾರೆ, 1909ರಲ್ಲಿ ನೊಬೆಲ್ ಪಡೆದ ಥಿಯೊಡೋರ್ ಕೋಖರ್ ಹೆಸರಿನಲ್ಲಿ. ಎತ್ತಿದ ಹಿಂಬದಿಯಲ್ಲಿ ಪಿತ್ತನಾಳ ತಲೆಯ ತೋಡಿನಲ್ಲಿ ಇಳಿಯುತ್ತಿರುತ್ತದೆ. ‘ಹಿಂದಿನ ಮೇಲಿನದು’ ಮೊದಲು ಪಿತ್ತನಾಳದ ಮುಂದೆ ದಾಟಿ, ಬಲಕ್ಕೆ ಇಳಿದು, ಮತ್ತೆ ಅದರ ಹಿಂದಿನಿಂದ ಹಾಯುತ್ತದೆ, ಕಂಬಕ್ಕೆ ಬಳ್ಳಿ ಸುತ್ತಿದ ಹಾಗೆ. ಹೋಗುತ್ತ ಪಿತ್ತನಾಳದ ಕೆಳತುದಿಗೂ ರಕ್ತ ಕೊಡುತ್ತದೆ. ಇನ್ನೊಂದು ಗಮನಿಸಿ: ಹಿಂಗಮಾನು ಮುಂಗಮಾನಿಗಿಂತ ಡ್ಯುಯೊಡಿನಮ್‌ನಿಂದ ದೂರವಿರುತ್ತದೆ. ಹಾಳೆಯ ಚಿತ್ರದಲ್ಲಿ ಎರಡನ್ನೂ ಒಂದರ ಮೇಲೊಂದು ಬರೆದಿದ್ದರೆ ಚುಕ್ಕೆ ಗೆರೆಯನ್ನು ಒಳಕ್ಕೆ ಸರಿಸಿ.

ದೇಹ ಸಿಗದವರು ದಾರದಿಂದ ಮಾಡಬಹುದು. 25 ಸೆಂಟಿಮೀಟರ್ ರಬ್ಬರ್ ನಳಿಕೆ, ಸುರುಳಿ ಸುತ್ತಿದ ಕರವಸ್ತ್ರ, ಕೆಂಪು ಮತ್ತು ಹಸಿರು ಉಣ್ಣೆ. ನಳಿಕೆಯನ್ನು ಬಗ್ಗಿಸಿ, ಕರವಸ್ತ್ರದ ತಲೆಯನ್ನು ಒಳಗಿಟ್ಟು ಹೊಲಿಯಿರಿ. ಕೆಂಪು ಹಸಿರು ಎಳೆಗಳನ್ನು ಮುಂದೆ ಒಂದು ಗಂಟು, ಹಿಂದೆ ಒಂದು ಗಂಟು ಹಾಕಿ. ಈಗ ನಳಿಕೆಯನ್ನು ಮಾತ್ರ ಬಿಚ್ಚಿ ತೆಗೆಯಲು ನೋಡಿ, ಎಳೆ ಕತ್ತರಿಸದೆ. ಆಗುವುದಿಲ್ಲ. ಎರಡು ಕಮಾನುಗಳಿಂದಲೂ ಸಣ್ಣ ಎಳೆಗಳು ಒಂದು ಕಡೆ ಡ್ಯುಯೊಡಿನಮ್‌ಗೆ, ಇನ್ನೊಂದು ಕಡೆ ಗ್ರಂಥಿಗೆ ಹೋಗಿವೆ. ಮೇದೋಜೀರಕದ ತಲೆಯಲ್ಲಿನ ಗೆಡ್ಡೆ ತೆಗೆಯುವಾಗ ಡ್ಯುಯೊಡಿನಮ್ ಕೂಡ ಜೊತೆಗೆ ಹೋಗುವುದು ಇದಕ್ಕೇ. ವಾಲ್ಥರ್ ಕೌಶ್ 1912ರಲ್ಲಿ ವರದಿ ಮಾಡಿದ್ದು, ಅಲೆನ್ ವಿಪಲ್ 1935ರಲ್ಲಿ ಪ್ರಕಟಿಸಿ ಹೆಸರಾದದ್ದು, ಎರಡೂ ಆ ಶಸ್ತ್ರಕ್ರಿಯೆಯೇ. ತಲೆಯನ್ನು ತೆಗೆದು ಡ್ಯುಯೊಡಿನಮ್ ಉಳಿಸುವ ವಿಧಾನಗಳೂ ಇವೆ, ಆದರೆ ಅಲ್ಲಿ ಸರ್ಜನ್ನರು ಹಿಂಗಮಾನಿನ ಮೇಲೆ ಕಣ್ಣಿಟ್ಟು, ಗ್ರಂಥಿಯ ಒಂದು ತೆಳು ಪಟ್ಟಿಯನ್ನು ಬಿಟ್ಟೇ ಕತ್ತರಿಸುತ್ತಾರೆ.

ಚಿತ್ರವನ್ನು ಕೆಲಸಕ್ಕೆ ಹಚ್ಚುವುದು

ಬರೆದದ್ದು ಸರಿಯೋ ಎಂದು ನೋಡಲು ಹೆಸರು ಕೇಳುವುದಕ್ಕಿಂತ ಒಂದು ಅನಾಹುತ ಕೇಳುವುದು ಮೇಲು.

ಡ್ಯುಯೊಡಿನಮ್‌ನ ಮೊದಲ ಭಾಗದ ಹಿಂಗೋಡೆಯಲ್ಲಿ ಹುಣ್ಣು ಆಳವಾಯಿತು ಅನ್ನಿ. ಬೆರಳಿಟ್ಟು ನೋಡಿ, ಹಿಂದೆ ಯಾವ ಗೆರೆ ಇದೆ? ಜಿಡಿಎ. ಮುಂಗೋಡೆಯ ಹುಣ್ಣು ತೂತಾಗಿ ಹೊಟ್ಟೆಯೊಳಕ್ಕೆ ಒಡೆಯುತ್ತದೆ. ಹಿಂಗೋಡೆಯದು ಜಿಡಿಎಯನ್ನು ಕೊರೆದು ರಕ್ತ ಕಾರಿಸುತ್ತದೆ. ಸಾಮಾನ್ಯವಾಗಿ ಮೊದಲು ಎಂಡೋಸ್ಕೋಪಿಯಲ್ಲೇ ನಿಲ್ಲಿಸಲು ನೋಡುತ್ತಾರೆ. ಆಗದೆ ಹೊಟ್ಟೆ ತೆರೆದಾಗ ಒಂದು ಹೊಲಿಗೆ ಸಾಲದು. ಒಮ್ಮೆ ತರಗತಿಯಲ್ಲಿ ಹುಡುಗನೊಬ್ಬ ಕೇಳಿದ, “ಮೇಡಂ, ಮೇಲೆ ಕಟ್ಟಿದ ಮೇಲೆ ರಕ್ತ ಎಲ್ಲಿಂದ ಬರಬೇಕು?” ನಾನು ಉತ್ತರ ಕೊಡದೆ ಅವನ ಕೈಗೆ ಹಸಿರು ಪೆನ್ಸಿಲ್ ಕೊಟ್ಟೆ. ಎಸ್‌ಎಂಎಯಿಂದ ಶುರುಮಾಡಿ, ಕಮಾನು ಹತ್ತಿ, ಹುಣ್ಣಿನವರೆಗೆ ಬಂದು ನಿಂತು, “ಓ, ಹಿತ್ತಲ ಬಾಗಿಲು” ಎಂದ. ಅದಕ್ಕೇ ಹುಣ್ಣಿನ ಮೇಲೆ ಒಂದು, ಕೆಳಗೆ ಒಂದು, ಒಳಮಗ್ಗುಲಿನಿಂದ ಗ್ರಂಥಿಗೆ ಹೋಗುವ ಅಡ್ಡಗವಲಿಗೆ ಒಂದು, ಹೀಗೆ ಮೂರು ಹೊಲಿಗೆ. ನಾಳದೊಳಗೆ ಕ್ಯಾಥೆಟರ್ ಎಂಬ ಸಣ್ಣ ಕೊಳವೆ ತೂರಿಸಿ, ರಕ್ತ ತಡೆಯುವ ತಂತಿಸುರುಳಿ (ಕಾಯಿಲ್) ಇಡುವವರೂ ಹಾಗೆಯೇ ಗಾಯದ ಆಚೆಗೂ ಈಚೆಗೂ ಮುಚ್ಚುತ್ತಾರೆ.

ಮೇದೋಜೀರಕದ ಉರಿಯೂತವಾದ ಪ್ಯಾಂಕ್ರಿಯಾಟೈಟಿಸ್‌ನಲ್ಲಿ ಸೋರಿದ ರಸ ಪಕ್ಕದ ನಾಳದ ಗೋಡೆಯನ್ನು ತಿಂದು ಸೂಡೊಅನ್ಯೂರಿಸಂ, ಅಂದರೆ ತೂತಿನ ಹೊರಗೆ ಉಬ್ಬಿದ ರಕ್ತದ ಚೀಲ, ಮಾಡುತ್ತದೆ. ಹೆಚ್ಚಾಗಿ ಸ್ಪ್ಲೀನಿಕ್‌ನಲ್ಲಿ, ನಂತರ ಜಿಡಿಎಯಲ್ಲಿ. ಯಾಕೆ ಎಂದು ಚಿತ್ರವೇ ಹೇಳುತ್ತದೆ, ಗ್ರಂಥಿಗೆ ಮೈ ತಾಗಿಸಿಕೊಂಡಿರುವವು ಇವೇ.

ಇನ್ನು ನಿಯಮ ಮುರಿಯುವವರು. 100 ಜನರಲ್ಲಿ ಸುಮಾರು 10ರಿಂದ 15 ಮಂದಿಗೆ ಬಲ ಹೆಪಾಟಿಕ್ ಆರ್ಟರಿ ಎಸ್‌ಎಂಎಯಿಂದ ಹುಟ್ಟಿ, ಮೇದೋಜೀರಕದ ತಲೆಯ ಹಿಂದಿನಿಂದ ಯಕೃತ್ತಿಗೆ ಹತ್ತುತ್ತದೆ. ನಿಕೋಲಸ್ ಮಿಶೆಲ್ಸ್ 200 ದೇಹಗಳನ್ನು ಬಿಡಿಸಿ ನೋಡಿ ಇಂಥ ಬಗೆಗಳನ್ನು ವಿಂಗಡಿಸಿದವರು. ನಿಮ್ಮ ಚಿತ್ರದಲ್ಲಿ ಇದನ್ನು ಚುಕ್ಕೆ ಗೆರೆಯ ಹಸಿರಿನಲ್ಲಿ ಸೇರಿಸಿ, ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿ. ಸಿ.ಟಿ. ಸ್ಕ್ಯಾನ್ ನೋಡದೆ ತಲೆಯ ಹಿಂದೆ ಕತ್ತರಿ ಆಡಿಸಿದರೆ ಹೋಗುವುದು ಯಕೃತ್ತಿನ ಅನ್ನ.

ಕೊನೆಯ ಪ್ರಶ್ನೆಯನ್ನು ನಾನು ಪ್ರತಿ ಬ್ಯಾಚಿಗೂ ಕೇಳುತ್ತೇನೆ, ಚಿತ್ರ ಮುಗಿದ ಮೇಲೆ, ಪುಸ್ತಕ ಮುಚ್ಚಿಸಿ. ವಪೆಯ ಅಂಚಿನ ಮೀಡಿಯನ್ ಆರ್ಕ್ಯುಯೇಟ್ ಲಿಗಮೆಂಟ್ ಎಂಬ ಪಟ್ಟಿ ಕೆಲವರಲ್ಲಿ ಕೆಳಗೆ ಜಾರಿ ಸೀಲಿಯಾಕ್ ಬುಡವನ್ನು ಒತ್ತಿಬಿಟ್ಟಿರುತ್ತದೆ. ಹಲವರಿಗೆ ಅದರ ಅರಿವೇ ಇರುವುದಿಲ್ಲ, ಯಕೃತ್ತು ಆರಾಮಾಗಿರುತ್ತದೆ. ಹೇಗೆ? ಅಂಥವರಿಗೆ ವಿಪಲ್ ಮಾಡುವ ದಿನ ಸರ್ಜನ್ ಜಿಡಿಎಯನ್ನು ಕಟ್ಟುವ ಮೊದಲು ಬರೀ ಕ್ಲ್ಯಾಂಪ್ ಹಾಕಿ, ಹೆಪಾಟಿಕ್ ಆರ್ಟರಿಯ ಮೇಲೆ ಬೆರಳಿಟ್ಟು ಕಾಯುತ್ತಾರೆ. ಬೆರಳ ಕೆಳಗಿನ ಮಿಡಿತ ನಿಂತುಹೋಗುತ್ತದೆ. ಯಾಕೆ?

ಪೆನ್ಸಿಲ್ ಎತ್ತಿಕೊಳ್ಳಿ. ಸೀಲಿಯಾಕ್ ಬುಡದಲ್ಲಿ ಒಂದು ಅಡ್ಡಗೆರೆ ಹಾಕಿ. ಎಸ್‌ಎಂಎಯಿಂದ ಹೊರಟು ಎರಡು ಕಮಾನುಗಳನ್ನೂ ಹತ್ತಿ. ಜಿಡಿಎಯಲ್ಲಿ ನೀವು ಮೊದಲೇ ಬರೆದಿದ್ದ ಬಾಣ ಕೆಳಮುಖವಾಗಿದೆಯಲ್ಲ, ಅದರ ತುದಿಯನ್ನು ಅಳಿಸಿ ಮೇಲಕ್ಕೆ ಹಾಕಿ.